ಬಿಳಿ ಐದಕ್ಕಿಂತ ತುಸು ಮೇಲೆ

ಹೊಸ ಆಂಪ್ಲಿಫೈಯರ್ ನಮ್ಮ ಮನೆಯಲ್ಲಿ ಹೊರಡಿಸಿದ ಮೊದಲ ಸ್ವರ ನಾನು ನುಡಿಸಿದ್ದಲ್ಲ. ಗಿಟಾರಿನ ತಂತಿಯನ್ನು ಇನ್ನೂ ಮುಟ್ಟಿಯೇ ಇರಲಿಲ್ಲ. ಸ್ವಿಚ್ ಹಾಕಿ, ಒಳಗಿನ ವಾಲ್ವುಗಳು, ಎಂದರೆ ಹಳೆಯ ರೇಡಿಯೊಗಳಲ್ಲಿ ಇದ್ದಂಥ ಗಾಜಿನ ಕೊಳವೆಗಳು, ಬಿಸಿಯಾಗಲಿ ಎಂದು ಒಂದು ನಿಮಿಷ ಬಿಟ್ಟು, ಸ್ಟ್ಯಾಂಡ್‌ಬೈ ಸ್ವಿಚ್ಚನ್ನು ಮೇಲಕ್ಕೆತ್ತಿದೆ. ಗುಂಯ್ ಎಂದಿತು. ಎಷ್ಟು ಜೋರಾಗಿ ಎಂದರೆ, ಕೆಳಗಿನ ಮನೆಯಲ್ಲಿ ಸಂಜೆಯ ಚಹಾ ಕುಡಿಯುತ್ತಿದ್ದ ಕಾಕಾ ಕಪ್ಪು ಬಸಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು.

“ಏನು ತಮ್ಮಾ, ನೀರಿನ ಮೋಟಾರನ್ನು ಮೇಲಕ್ಕೆ ತಂದೆಯಾ?”

ಕಾಕಾ ಎಂದರೆ ನಮ್ಮ ಮನೆಯ ಮಾಲೀಕರು. ಬೆಳಗಾವಿಯ ತಿಲಕವಾಡಿಯ ಎರಡನೆಯ ರೈಲ್ವೆ ಗೇಟಿನ ಹತ್ತಿರದ ಈ ಹಳೆಯ ಮನೆಯ ಮೇಲಂತಸ್ತಿನಲ್ಲಿ ನಾನು, ಅವ್ವ ಇದ್ದೇವೆ. ಕಾಕಾ ನಲವತ್ತು ವರ್ಷ ಭಜನಾ ಮಂಡಳಿಗಳಿಗೆ ಪೇಟಿ, ಎಂದರೆ ಹಾರ್ಮೋನಿಯಂ, ನುಡಿಸಿದವರು. ಬಾಗಿಲಲ್ಲೇ ನಿಂತು ಒಂದು ಕಿವಿಯನ್ನು ಆಂಪಿನ ಕಡೆ ತಿರುಗಿಸಿದರು. “ಬಿಳಿ ಐದು” ಎಂದರು. ಪೇಟಿಯವರು ಸ್ವರಗಳನ್ನು ಹೀಗೆ ಬಿಳಿ, ಕರಿ ಪಟ್ಟಿಗಳ ಎಣಿಕೆಯಲ್ಲೇ ಹೇಳುತ್ತಾರೆ. ಒಂದು ಗುಟುಕು ಕುಡಿದು ಮತ್ತೆ ಕೇಳಿ, “ಊಹೂಂ, ಬಿಳಿ ಐದಕ್ಕಿಂತ ತುಸು ಮೇಲೆ. ಕರಿ ನಾಲ್ಕರವರೆಗೆ ಹೋಗಿಲ್ಲ” ಎಂದು ತಿದ್ದಿದರು.

ಅವರ ಕಿವಿಯನ್ನು ಆಮೇಲೆ ಲೆಕ್ಕ ಹಾಕಿ ಪರೀಕ್ಷಿಸಿದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸಿನದು. ಇಂಥ ಗುಂಯ್‌ನಲ್ಲಿ ಹೆಚ್ಚಾಗಿ ಎದ್ದು ಕೇಳುವುದು ಅದರ ಎರಡರಷ್ಟು, ಎಂದರೆ 100 ಹರ್ಟ್ಸ್. ಮಂದ್ರದ ಬಿಳಿ ಐದು ಇರುವುದು 98ರಲ್ಲಿ. ಬಿಳಿ ಐದರಿಂದ ಕರಿ ನಾಲ್ಕಕ್ಕೆ ಇರುವ ದಾರಿಯಲ್ಲಿ ಮೂರನೆಯ ಒಂದು ಭಾಗ ನಡೆದರೆ ಸಿಗುವ ಜಾಗ ಅದು. ಕಾಕಾ ಹೇಳಿದ್ದೂ ಅಷ್ಟನ್ನೇ. ಅಮೆರಿಕದ ವಿದ್ಯುತ್ತು 60 ಹರ್ಟ್ಸಿನದು, ಅಲ್ಲಿ ಇದೇ ಆಂಪ್ ಗುಂಯ್‌ಗುಟ್ಟಿದರೆ ಕರಿ ಐದಕ್ಕೂ ಬಿಳಿ ಏಳಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ ಎಂದು ಮರುದಿನ ಅವರಿಗೆ ಹೇಳಿದೆ. “ಹಾಗಾದರೆ ನಮ್ಮದೇ ವಾಸಿ” ಎಂದರು.

ಈ ಆಂಪನ್ನು ನಾನು ಪುಣೆಯ ಅಂಗಡಿಯೊಂದರಲ್ಲಿ ನುಡಿಸಿ ನೋಡಿಯೇ ಕೊಂಡಿದ್ದೆ. ಅಲ್ಲಿ ಗುಂಯ್ ಇರಲಿಲ್ಲ. ಅಲ್ಲಿ ಕೇಳಿದ ಬೇರೆ ಯಾವುದೂ ಇಲ್ಲಿ ಇರಲಿಲ್ಲ ಎನ್ನುವುದು ಒಂದೊಂದಾಗಿ ತಿಳಿಯುತ್ತಾ ಹೋಯಿತು.

ಹನ್ನೊಂದು ವರ್ಷ ನನ್ನ ಹತ್ತಿರ ಇದ್ದದ್ದು ಹತ್ತು ವ್ಯಾಟಿನ ಸಣ್ಣ ಟ್ರಾನ್ಸಿಸ್ಟರ್ ಆಂಪ್. ಅದರ ಸದ್ದು ತಗಡಿನ ಡಬ್ಬಿಯದು. ಆ ತಗಡನ್ನು ಮುಚ್ಚಲು ಗಿಟಾರಿಗೂ ಆಂಪಿಗೂ ನಡುವೆ ಇಟ್ಟು ಕಾಲಿನಿಂದ ಒತ್ತುವ, ಸದ್ದು ಬದಲಿಸುವ ಪೆಡಲ್‌ಗಳನ್ನು ಒಂದೊಂದಾಗಿ ಕೊಳ್ಳುತ್ತಾ ಹೋದೆ. ಮೊದಲು ಕಿತ್ತಳೆ ಬಣ್ಣದ, ಬಾಸ್ ಕಂಪನಿಯ ಡಿಎಸ್-1, 1978ರಿಂದ ಇಂದಿಗೂ ಬರುತ್ತಿರುವ, ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್. ಆಮೇಲೆ ಹಸಿರು ಬಣ್ಣದ ಐಬನೆಜ್ ಟ್ಯೂಬ್ ಸ್ಕ್ರೀಮರ್. ಸ್ವರವನ್ನು ‘ವಾ’ ಎನ್ನಿಸುವ ಒಂದು ವಾ, ಪ್ರತಿಧ್ವನಿ ಕೊಡುವ ಒಂದು ಡಿಜಿಟಲ್ ಡಿಲೇ, ಶ್ರುತಿ ನೋಡಲು ಒಂದು ಟ್ಯೂನರ್. ಹಲಗೆಯೊಂದರ ಮೇಲೆ ಇವನ್ನೆಲ್ಲ ಸಾಲಾಗಿ ಅಂಟಿಸಿ, ಕೀಬೋರ್ಡಿನ ಅಡಾಪ್ಟರನ್ನು ತಪ್ಪಾಗಿ ಚುಚ್ಚಿ ಆರನೆಯದೊಂದನ್ನು ಸುಟ್ಟುಕೊಂಡೂ ಆಗಿತ್ತು. ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟಿನ ಪಿನ್ನಿನ ನಡುಭಾಗ ಋಣ, ಹೊರಭಾಗ ಧನ ಇರಬೇಕು. ನಾನು ಚುಚ್ಚಿದ್ದು ಅದಕ್ಕೆ ಉಲ್ಟಾ. ಸುಟ್ಟ ವಾಸನೆ ಬಂದಮೇಲೆ ಪೆಡಲ್ ಹಿಂದಿನ ಚಿತ್ರ ನೋಡಿದೆ.

ಕೆಲಸದ ಮೇಲೆ ಪುಣೆಗೆ ಹೋದಾಗ ಈ ವಾಲ್ವ್ ಆಂಪ್ ಕೈಗೆ ಸಿಕ್ಕಿತು. 15 ವ್ಯಾಟ್, ಹನ್ನೆರಡು ಇಂಚಿನ ಒಂದು ಸ್ಪೀಕರ್, ಒಳಗೆ ಸಣ್ಣವು ಮೂರು 12ಎಎಕ್ಸ್7 ವಾಲ್ವುಗಳು, ದೊಡ್ಡವು ಎರಡು ಇಎಲ್84. “ಮೆರವಣಿಗೆಯ ಡಾಲ್ಬಿ ಸ್ಪೀಕರುಗಳಿಗೆ ಊರ ಕಿಟಕಿಗಳೆಲ್ಲ ನಡುಗುವ ಬೆಳಗಾವಿಯಲ್ಲಿ ಹದಿನೈದೇ ವ್ಯಾಟ್?” ಎಂದು ನಮ್ಮ ಡ್ರಮ್ ನುಡಿಸುವ ಗೆಳೆಯ ಫೋನಿನಲ್ಲೇ ನಕ್ಕಿದ್ದ. ವ್ಯಾಟಿಗೂ ಕಿವಿಗೂ ಇರುವ ಸಂಬಂಧ ಅವನಿಗೆ ಗೊತ್ತಿರಲಿಲ್ಲ. ಶಕ್ತಿ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಎನಿಸಬೇಕಾದರೆ ಶಕ್ತಿ ಹತ್ತು ಪಟ್ಟಾಗಬೇಕು. 15 ವ್ಯಾಟಿನ ಆಂಪನ್ನು ಒಂದೂವರೆ ವ್ಯಾಟಿಗೆ ಇಳಿಸಿದರೂ ಅರ್ಧದಷ್ಟು ಜೋರು ಉಳಿದೇ ಇರುತ್ತದೆ. ಗಿಟಾರಿನ ಸ್ಪೀಕರುಗಳು ಒಂದು ವ್ಯಾಟ್ ತಿಂದು ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ಲಿನ ಆಸುಪಾಸು ಕಿರುಚಬಲ್ಲವು. ಹದಿನೈದು ವ್ಯಾಟ್ ಹತ್ತು ಅಡಿ ಉದ್ದದ ಕೋಣೆಗೆ ಕಡಿಮೆಯಲ್ಲ, ವಿಪರೀತ.

ಟ್ರಾನ್ಸ್‌ಪೋರ್ಟ್ ಗೋದಾಮಿನಿಂದ ಆಟೊದಲ್ಲಿ ತಂದು, ಪೆಟ್ಟಿಗೆ ಬಿಚ್ಚಿ, ಹಿಂದೆ 230 ವೋಲ್ಟ್ ಎಂದು ಬರೆದಿರುವುದನ್ನು ಎರಡು ಸಲ ಓದಿ, ಸ್ಪೀಕರಿನ ಕೇಬಲ್ ಸರಿಯಾಗಿ ಚುಚ್ಚಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದ್ದೆ. ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ಚಾಲೂ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು. ಇಷ್ಟೆಲ್ಲ ಎಚ್ಚರ ವಹಿಸಿದವನು ಗೋಡೆಯ ಮೇಲಿನ ಸಾಕೆಟ್ಟನ್ನು ಮಾತ್ರ ನೋಡಲಿಲ್ಲ.

ಗುಂಯ್ ಕೇಳಿದ ಆ ಸಂಜೆ ಇನ್ನೊಂದು ಸಂಗತಿಯೂ ನಡೆಯಿತು. ಗಿಟಾರ್ ಹಿಡಿದುಕೊಂಡೇ ಬರಿಗಾಲಿನಲ್ಲಿ ನಿಂತು ಕಿಟಕಿಯ ಸರಳು ಮುಟ್ಟಿದೆ. ಬೆರಳ ತುದಿಯಲ್ಲಿ ಇರುವೆ ಕಚ್ಚಿದಂತಾಯಿತು. ನಾನು ಎರಕದ ಕಾರ್ಖಾನೆಯಲ್ಲಿ ದುಡಿಯುವವನು. ವಿದ್ಯುತ್ತಿನ ಇರುವೆಯನ್ನು ಗುರುತಿಸಬಲ್ಲೆ. ಆಂಪ್ ಆರಿಸಿ ಪ್ಲಗ್ ಕಿತ್ತುಬಿಟ್ಟೆ.

1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ಲಿ ಹಾರ್ವಿ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೆ, ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ಸತ್ತ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪಿನ ಲೋಹದ ಚಾಸಿಗೆ ಸೇರಿರುತ್ತವೆ. ನುಡಿಸುವವನ ಕೈ ಸದಾ ಆ ಚಾಸಿಯ ಮೇಲೆ ಇದ್ದ ಹಾಗೆಯೇ. ಆ ಚಾಸಿಯನ್ನು ಮಣ್ಣಿಗೆ ಕಟ್ಟಿಹಾಕುವುದು ಪ್ಲಗ್ಗಿನ ದಪ್ಪ ಮೂರನೆಯ ಪಿನ್. ಗುಂಯ್ ಹೋಗಲಿ ಎಂದು ಆ ಪಿನ್ನನ್ನೇ ಕಿತ್ತುಹಾಕುವ ಮಹಾನುಭಾವರನ್ನು ನಮ್ಮ ಆರ್ಕೆಸ್ಟ್ರಾಗಳಲ್ಲಿ ನಾನೇ ಕಂಡಿದ್ದೇನೆ.

ಮರುದಿನ ಅನಗೋಳದಿಂದ ಬಂದ ಎಲೆಕ್ಟ್ರಿಷಿಯನ್ ಹೋಲ್ಡರಿಗೆ ಸಿಕ್ಕಿಸಿದ ಬಲ್ಬಿನ ಎರಡು ವೈರುಗಳನ್ನು ಸಾಕೆಟ್ಟಿನ ಎರಡು ಸಣ್ಣ ರಂಧ್ರಗಳಿಗೆ ಚುಚ್ಚಿದ. ಬಲ್ಬು ಉರಿಯಿತು. ಒಂದು ವೈರನ್ನು ತೆಗೆದು ಮೇಲಿನ ದೊಡ್ಡ ರಂಧ್ರಕ್ಕೆ ಚುಚ್ಚಿದ. ಉರಿಯಲಿಲ್ಲ. “ಮೂರನೆಯದು ಶೋಭೆಗೆ ಇದೆ ಸರ್” ಎಂದ. ಮನೆ ಕಟ್ಟಿದ ಕಾಲದ ಅರ್ಥಿಂಗ್ ತಂತಿ ಹಿತ್ತಿಲಿನ ತೆಂಗಿನ ಮರದ ಹತ್ತಿರ ಮಣ್ಣಿನಲ್ಲೇ ತುಕ್ಕು ತಿಂದು ತುಂಡಾಗಿತ್ತು. ಕಾಕಾ ಮೊದಲು ಗೊಣಗಿದರು. ಆಮೇಲೆ ಅವರ ಹೆಂಡತಿ ಕಾಕೂ ಬಂದು, ತಮ್ಮ ಫ್ರಿಜ್ಜಿನ ಬಾಗಿಲು ಮಳೆಗಾಲದಲ್ಲಿ ಚುರುಗುಟ್ಟುವುದು ಯಾವಾಗಿನಿಂದ ಎಂದು ಎಲ್ಲರ ಮುಂದೆ ನೆನಪಿಸಿಕೊಟ್ಟಮೇಲೆ ಖರ್ಚು ಅರ್ಧರ್ಧ ಎಂದು ಒಪ್ಪಿದರು. ಜುಲೈ ತಿಂಗಳ ಮಳೆಗೆ ಮೆತ್ತಗಾಗಿದ್ದ ಮಣ್ಣಿನಲ್ಲಿ ಎಂಟಡಿ ಗುಂಡಿ ಬೇಗ ಬಿತ್ತು. ಉಪ್ಪು, ಇದ್ದಿಲು ತುಂಬಿ, ಕಬ್ಬಿಣದ ಪೈಪು ಇಳಿಸಿ, ಹೊಸ ತಂತಿ ಎಳೆದು, ಸರ್ಕೀಟು ಸೋರಿದರೆ ತಾನೇ ಬೀಳುವ ಸ್ವಿಚ್ಚೊಂದನ್ನೂ ಕೂರಿಸಿದರು. ನನ್ನ ಗಿಟಾರಿನ ದೆಸೆಯಿಂದ ಕಾಕೂ ಅವರ ಫ್ರಿಜ್ಜು ರಿಪೇರಿಯಾಯಿತು.

ಆ ರಾತ್ರಿ ಗುಂಯ್ ಮುಕ್ಕಾಲು ಪಾಲು ಕಡಿಮೆಯಾಗಿತ್ತು. ಉಳಿದ ಕಾಲು ಭಾಗ ಎಲ್ಲಿಯದು ಎಂದು ಹುಡುಕಲು ಒಂದು ವಾರ ಹಿಡಿಯಿತು.

ಉದ್ಯಮಬಾಗದ ನಮ್ಮ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವುದು ನನ್ನ ಕೆಲಸ. ಎರಕದಲ್ಲಿ ದೋಷ ಬಂದಾಗ ಮರಳು, ಲೋಹದ ಬಿಸಿ, ಅಚ್ಚು ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವವನು ದೋಷವನ್ನು ಎಂದೂ ಹಿಡಿಯಲಾರ. ಒಂದನ್ನು ಬದಲಿಸು, ಸುರಿ, ನೋಡು. ಇಲ್ಲೂ ಹಾಗೆಯೇ ಮಾಡಿದೆ. ಮೊದಲು ಎಲ್ಲವನ್ನೂ ಕಿತ್ತು ಬರೀ ಆಂಪ್ ಹಚ್ಚಿದೆ. ದೂರದ ಮಳೆಯಂತೆ ಸಣ್ಣಗೆ ಸುಯ್ ಎನ್ನುತ್ತಿತ್ತು. ಇದು ವಾಲ್ವ್ ಆಂಪಿನ ಉಸಿರು, ಇದಕ್ಕೆ ಮದ್ದಿಲ್ಲ, ಬೇಕಾಗಿಯೂ ಇಲ್ಲ. ಗಿಟಾರ್ ಚುಚ್ಚಿದೆ. ಗುಂಯ್ ಮರಳಿತು.

ನನ್ನ ಗಿಟಾರ್ ಸ್ಟ್ರಾಟೊಕ್ಯಾಸ್ಟರ್ ಮಾದರಿಯದು. ಅದರ ಒಂದೊಂದು ಪಿಕಪ್ಪೂ ಅಯಸ್ಕಾಂತಗಳ ಸುತ್ತ ಕೂದಲಿನಷ್ಟು ತೆಳ್ಳನೆಯ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಒಂದೇ ಸುರುಳಿ. ಮೇಲಿನ ಉಕ್ಕಿನ ತಂತಿ ಅಲುಗಿದ್ದನ್ನು ಹಿಡಿಯುವಷ್ಟೇ ಶ್ರದ್ಧೆಯಿಂದ ಅದು ಟ್ಯೂಬ್‌ಲೈಟಿನ ಚೋಕನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ತಂತಿಯ ಸದ್ದು ಕೂಡುವಂತೆ, ಗುಂಯ್ ಕಳೆಯುವಂತೆ ಮಾಡಿದ. ಹಂಬಕರ್ ಎಂಬ ಹೆಸರೇ ಅಲ್ಲಿಂದ ಬಂದದ್ದು, ‘ಹಮ್’ ಎಂದರೆ ಗುಂಯ್. ನನ್ನ ಗಿಟಾರಿನಲ್ಲಿ ಅದಿಲ್ಲ. ಹಾಗಾಗಿ ಮನೆಯಲ್ಲಿ ಒಂದೊಂದೇ ಸ್ವಿಚ್ ಆರಿಸುತ್ತಾ ಬಂದೆ. ಟ್ಯೂಬ್‌ಲೈಟ್ ಆರಿಸಿದಾಗ ಸ್ವಲ್ಪ ಇಳಿಯಿತು. ದೊಡ್ಡ ಅಪರಾಧಿ ಫ್ಯಾನಿನ ರೆಗ್ಯುಲೇಟರ್. ಅದು ಎರಡು, ಮೂರರಲ್ಲಿ ಇದ್ದಾಗ ಸ್ಪೀಕರಿನಲ್ಲಿ ಕಣಜ ಗೂಡು ಕಟ್ಟುತ್ತಿತ್ತು, ಪೂರ್ತಿ ಐದಕ್ಕೆ ತಿರುಗಿಸಿದರೆ ಮಾಯ. ನಡುವೆ ವಿದ್ಯುತ್ ಹೋದಾಗ ಇನ್ವರ್ಟರಿನ ಮೇಲೂ ಒಮ್ಮೆ ಹಚ್ಚಿ ನೋಡಿದೆ. ಅಗ್ಗದ ಇನ್ವರ್ಟರು ಕೊಡುವುದು ಚೌಕಾಕಾರದ ಅಲೆ. ಕಣಜದ ಇಡೀ ಬಳಗವೇ ಬಂದಿತು. ಹತ್ತು ಸೆಕೆಂಡಿಗೆ ಆರಿಸಿದೆ.

ಪೆಡಲ್‌ಗಳನ್ನು ಒಂದೊಂದಾಗಿ ಸೇರಿಸುವಾಗ ಇನ್ನೊಂದು ಸದ್ದು ಸಿಕ್ಕಿತು, ಸೊಳ್ಳೆಯಂಥದ್ದು. ಟ್ಯೂನರ್, ವಾ, ಹಸಿರು, ಕಿತ್ತಳೆ ಇರುವಷ್ಟು ಹೊತ್ತು ಸುಮ್ಮನಿತ್ತು. ಡಿಲೇ ಸೇರಿಸಿದ ತಕ್ಷಣ ಕುಂಯ್ ಎಂದಿತು. ಐದೂ ಪೆಡಲ್‌ಗಳಿಗೆ ಒಂದೇ ಅಡಾಪ್ಟರಿನಿಂದ ಹೂವಿನ ಹಾರದಂತೆ ವೈರು ಎಳೆದಿದ್ದೆ. ಡಿಜಿಟಲ್ ಪೆಡಲಿನೊಳಗಿನ ಗಡಿಯಾರದ ಮಿಡಿತ ಆ ವೈರಿನ ಮೂಲಕ ಹಿಂದಕ್ಕೆ ಹರಿದು ಡಿಸ್ಟಾರ್ಷನ್ ಪೆಡಲಿನೊಳಗೆ ಹೊಕ್ಕು, ಅಲ್ಲಿ ನೂರು ಪಟ್ಟು ಬೆಳೆದು ಬರುತ್ತಿತ್ತು. ಡಿಲೇಗೆ ಒಂದು 9 ವೋಲ್ಟಿನ ಬ್ಯಾಟರಿ ಹಾಕಿ ನೋಡಿದೆ. ಸೊಳ್ಳೆ ಸತ್ತಿತು. ಅದಕ್ಕೆಂದೇ ಬೇರೆ ಅಡಾಪ್ಟರ್ ತಂದೆ. ಹಳೆಯ ಆಂಪಿನಲ್ಲಿಯೂ ಈ ಸೊಳ್ಳೆ ಇದ್ದಿರಲೇಬೇಕು. ತಗಡಿನ ಡಬ್ಬಿಯಲ್ಲಿ ಅದು ಕೇಳಿಸುತ್ತಿರಲಿಲ್ಲ, ಅಷ್ಟೇ.

ಇಷ್ಟಾದ ಮೇಲೂ ಪುಣೆಯ ಸದ್ದು ಬರಲಿಲ್ಲ. ಅಲ್ಲಿ ಆಂಪ್ ಎದೆಯೆತ್ತರದ ಕಪಾಟಿನ ಮೇಲಿತ್ತು, ಇಲ್ಲಿ ಕೋಣೆಯ ಮೂಲೆಯಲ್ಲಿ ನೆಲದ ಮೇಲೆ. ಸ್ಪೀಕರಿನ ತೀಕ್ಷ್ಣ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರಕ್ಕೆ ಹೋಗುತ್ತವೆ. ಅವೆಲ್ಲ ನನ್ನ ಮೊಣಕಾಲಿಗೆ ಬಡಿಯುತ್ತಿದ್ದವು. ಮೂಲೆಯ ಎರಡು ಗೋಡೆಗಳು, ನೆಲ ಸೇರಿ ಮಂದ್ರವನ್ನು ಊದಿಸುತ್ತಿದ್ದವು. ಅಡುಗೆಮನೆಯ ಸ್ಟೂಲೊಂದನ್ನು ತಂದು, ಮೂಲೆಯಿಂದ ಮೂರಡಿ ಈಚೆ ಇಟ್ಟು, ಅದರ ಮೇಲೆ ಆಂಪ್ ಕೂರಿಸಿದೆ. ಗುಂಡಿಗಳನ್ನು ಮುಟ್ಟದೆಯೇ ಸದ್ದು ಬದಲಾಯಿತು. ಅಂದಿನಿಂದ ಅವ್ವ ಕಟ್ಟೆಯ ಮೇಲಿನ ಡಬ್ಬಿ ತೆಗೆಯಲು ನನ್ನನ್ನೇ ಕರೆಯುತ್ತಾಳೆ.

ಇನ್ನು ಪೆಡಲ್‌ಗಳ ಮಾತು. ಹನ್ನೊಂದು ವರ್ಷದ ರೂಢಿಯಂತೆ ಎರಡೂ ಡಿಸ್ಟಾರ್ಷನ್ ಪೆಡಲ್‌ಗಳ ಗುಂಡಿಗಳನ್ನು ಮೂರು ಗಂಟೆಯ ಮುಳ್ಳಿನವರೆಗೆ ತಿರುಗಿಸಿ, ಒಳಬರುವ ಸ್ವರವನ್ನು ಎಷ್ಟು ಬೆಳೆಸಬೇಕು ಎನ್ನುವ ಆಂಪಿನ ಗೇನ್ ಗುಂಡಿಯನ್ನೂ ಏರಿಸಿ ಒಂದು ತುಣುಕು ಬಾರಿಸಿದೆ. ಕಾಕಾ ಮತ್ತೆ ಮೆಟ್ಟಿಲು ಹತ್ತಿ ಬಂದರು.

“ಇದು ಕೆಟ್ಟಿದೆಯೋ, ಅಥವಾ ಹೀಗೇ ಇರಬೇಕೋ?”

ನ್ಯಾಯವಾದ ಪ್ರಶ್ನೆ. ಇದರ ಇತಿಹಾಸವೇ ಕೆಟ್ಟುಹೋದ ಯಂತ್ರದಿಂದ ಶುರುವಾಗುತ್ತದೆ ಎಂದು ಅವರಿಗೆ ಹೇಳಿದೆ. ಅಮೆರಿಕದ ನ್ಯಾಶ್‌ವಿಲ್‌ನ ಸ್ಟುಡಿಯೊ ಒಂದರಲ್ಲಿ ಧ್ವನಿಮುದ್ರಣದ ಯಂತ್ರದ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ಹರಿದ ಬಟ್ಟೆಯಂತೆ ಕೇಳಿಸಿತು. 1961ರಲ್ಲಿ ಆ ಹಾಡು ಹೊರಬಂದಾಗ ಜನರಿಗೆ ಆ ಹರಕು ಸದ್ದೇ ಹಿಡಿಸಿತು. ಗ್ಲೆನ್ ಸ್ನಾಡಿ ಎಂಬ ಧ್ವನಿ ಎಂಜಿನಿಯರ್ ಅದೇ ಕೆಡುಕನ್ನು ಬೇಕೆಂದಾಗ ಕೊಡುವ ಸರ್ಕೀಟು ಮಾಡಿದ. 1962ರಲ್ಲಿ ಮೇಸ್ಟ್ರೊ ಫಜ್-ಟೋನ್ ಎಂಬ ಹೆಸರಿನಲ್ಲಿ ಅದು ಪೆಡಲ್ ಆಗಿ ಬಂದಿತು.

ಕಾಕಾ ಎಲ್ಲ ಕೇಳಿಸಿಕೊಂಡು “ಕೆಳಗೆ ಬಾ” ಎಂದರು.

ಅವರ ಪಡಸಾಲೆಯ ಮೂಲೆಯಲ್ಲಿ ಗವಸು ತೊಟ್ಟ ತಂಬೂರಿಯೊಂದು ನಿಂತಿರುತ್ತದೆ. ಅವರು ಹರೆಯದಲ್ಲಿ ರೈಲು ಹತ್ತಿ ಮಿರಜಿಗೆ ಹೋಗಿ ತಂದದ್ದು. ಗವಸು ತೆಗೆದು ಮಡಿಲಲ್ಲಿ ಇಟ್ಟುಕೊಂಡು, ತಂತಿಗಳನ್ನು ಹೊರುವ ಕುದುರೆ ಎಂಬ ಸಣ್ಣ ಪಟ್ಟಿಯ ಮೇಲೆ ಒಂದು ತಂತಿಯ ಕೆಳಗಿದ್ದ ಹತ್ತಿಯ ಎಳೆಯನ್ನು ಉಗುರಿನಿಂದ ಹೊರಗೆ ಎಳೆದರು. ತಂತಿ ಮೀಟಿದರು. ಟಣ್ ಎಂದು ಬರಿಯ ತಂತಿ. ಮತ್ತೆ ಎಳೆಯನ್ನು ಒಳಗೆ ಸೇರಿಸಿ, ಮೀಟುತ್ತಾ, ಎಡಗೈಯ ಬೆರಳಿನಿಂದ ಅದನ್ನು ಹುಷಾರಾಗಿ ಮುಂದಕ್ಕೆ ಸರಿಸತೊಡಗಿದರು. ಸುಮಾರು ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೂದಲೆಳೆಯಷ್ಟು ಸರಿದ ಒಂದು ಜಾಗದಲ್ಲಿ ಸ್ವರ ಬಿಚ್ಚಿಕೊಂಡಿತು. ಒಂದು ತಂತಿಯೊಳಗಿಂದ ಐದಾರು ತಂತಿಗಳು ಎದ್ದು ಬಂದಂತೆ. ಇನ್ನೊಂದು ಕೂದಲೆಳೆ ಮುಂದೆ ಸರಿಸಿದರು, ತಂತಿ ಕುದುರೆಗೆ ಬಡಿದು ಕರಕರ ಎಂದಿತು. ಹಿಂದಕ್ಕೆ ತಂದು ನಿಲ್ಲಿಸಿದರು.

“ಇದು ಜೀವಾಳ. ತಂತಿ ಕುದುರೆಗೆ ತಾಗಬಾರದು ಎನ್ನುವ ಲೆಕ್ಕದಲ್ಲಿ ಇದೂ ಕೆಟ್ಟದ್ದೇ. ಎಷ್ಟು ತಾಗಬೇಕು ಎನ್ನುವುದರಲ್ಲಿ ಇದೆ ನೋಡು. ನೀನು ಮೇಲೆ ಮಾಡುತ್ತಿರುವುದು ಬರೀ ಕರಕರ.”

ಜವಾರಿ ಎಂದರೆ ನಮ್ಮ ಕಡೆ ಕೋಳಿ, ಬದನೆಕಾಯಿ ನೆನಪಾಗುತ್ತವೆ. ಗವಾಯಿಗಳಿಗೆ ಜವಾರಿ ಎಂದರೆ ತಂಬೂರಿಯ ಈ ತೆರೆದ ನಾದ. ನಾನು ಕೇಳುತ್ತಾ ಬೆಳೆದವನೇ. ಗಿಟಾರಿಗೂ ಅದಕ್ಕೂ ಸಂಬಂಧ ಹಚ್ಚಿರಲಿಲ್ಲ. ಓವರ್‌ಡ್ರೈವ್ ಮಾಡುವುದೂ ಇದನ್ನೇ. ಸ್ವರದ ಅಲೆ ವಾಲ್ವಿನ ಮಿತಿಯನ್ನು ಮೀರಿದಾಗ ಅದರ ನೆತ್ತಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲ ಕಂಪನದ ಎರಡು, ಮೂರು, ನಾಲ್ಕು, ಐದು ಪಟ್ಟಿನ ಕಂಪನಗಳು ಹುಟ್ಟಿಕೊಳ್ಳುತ್ತವೆ. ತುಸು ಚಪ್ಪಟೆಯಾದರೆ ಸ್ವರ ಬಿಚ್ಚಿಕೊಳ್ಳುತ್ತದೆ, ಪೂರ್ತಿ ಕತ್ತರಿಸಿದರೆ ಕರಕರ.

ಮೇಲೆ ಬಂದು ಎಲ್ಲ ಪೆಡಲ್‌ಗಳನ್ನೂ ಆರಿಸಿ, ಆಂಪಿನ ಗೇನನ್ನು ಸೊನ್ನೆಗೆ ತಂದು, ಐದನೆಯ ತಂತಿಯನ್ನೊಂದೇ ಮೀಟುತ್ತಾ ಎಡಗೈಯಿಂದ ಗುಂಡಿಯನ್ನು ಜೀವಾಳ ಸರಿಸಿದಂತೆ ತಿರುಗಿಸಿದೆ. ಒಂದು, ಎರಡು, ಮೂರು ಬರೀ ಟಣ್. ನಾಲ್ಕಕ್ಕಿಂತ ತುಸು ಮುಂಚೆ ಅಂಚು ಬಂತು. ಮೆಲ್ಲಗೆ ಮೀಟಿದರೆ ಶುದ್ಧ, ಬಲವಾಗಿ ಮೀಟಿದರೆ ಬಿಚ್ಚಿಕೊಳ್ಳುತ್ತದೆ; ಗುಂಡಿಯ ಕೆಲಸವನ್ನು ಬೆರಳೇ ಮಾಡತೊಡಗಿತು. ಹಳೆಯ ಆಂಪಿನಲ್ಲಿ ಇಂಥ ಜಾಗವನ್ನು ನಾನು ಹುಡುಕಿಯೇ ಇರಲಿಲ್ಲ. ಇದ್ದಿತೋ ಇಲ್ಲವೋ, ಪೆಡಲ್‌ಗಳ ರಾಶಿಯ ಕೆಳಗೆ ಕಾಣುವಂತಿರಲಿಲ್ಲ.

ಅಲ್ಲಿಂದ ಮುಂದಕ್ಕೆ ಹಸಿರು ಪೆಡಲನ್ನು ಸೇರಿಸಿದೆ. ಟ್ಯೂಬ್ ಸ್ಕ್ರೀಮರಿನ ಗುಣ ವಿಚಿತ್ರ. ಮಂದ್ರವನ್ನು ಕತ್ತರಿಸಿ, 700 ಹರ್ಟ್ಸಿನ ಸುತ್ತ ಉಬ್ಬು ಹಾಕುತ್ತದೆ. ಅದೊಂದನ್ನೇ ಕೇಳಿದರೆ ನೆಗಡಿಯಾದವನು ಮೂಗಿನಲ್ಲಿ ಹಾಡಿದಂತೆ. ಅದರ ಡ್ರೈವ್ ಗುಂಡಿಯನ್ನು ಬಹುತೇಕ ಸೊನ್ನೆಗೆ ಇಳಿಸಿ, ಲೆವೆಲ್ಲನ್ನು ಏರಿಸಿ, ಆಂಪಿನ ವಾಲ್ವನ್ನು ಹಿಂದಿನಿಂದ ತಳ್ಳುವ ಕೆಲಸಕ್ಕೆ ಮಾತ್ರ ಬಳಸಿದಾಗ ಸದ್ದು ಬಿಗಿಯಾಯಿತು. ಮೂಗು ಮಾತ್ರ ಉಳಿದೇ ಇತ್ತು. ನನಗೆ ಹಿಡಿಸಲಿಲ್ಲ. ಕಿತ್ತಳೆಯ ಡಿಎಸ್-1 ಈ ಆಂಪಿನ ಮುಂದೆ ಮೊಂಡು ಗರಗಸದಂತೆ ಕೇಳಿಸಿತು; ಹಲಗೆಯಿಂದ ಬಿಚ್ಚಿ ಡಬ್ಬಿಗೆ ಹಾಕಿದೆ. ಹನ್ನೊಂದು ವರ್ಷ ಅನ್ನ ಹಾಕಿದ ಪೆಡಲ್, ಮಾರಲು ಮನಸ್ಸಾಗಿಲ್ಲ. ವಾ ಇದ್ದಲ್ಲೇ ಇದೆ, ಹೇಳುವಂಥದ್ದೇನೂ ಇಲ್ಲ.

ಡಿಲೇ ಪೆಡಲಿಗೆ ಜಾಗ ಬದಲಾಯಿತು. ಹಿಂದೆ ಅದು ಆಂಪಿನ ಮುಂದೆಯೇ ಇರುತ್ತಿತ್ತು. ಪ್ರತಿಧ್ವನಿ ಮೊದಲು ಹುಟ್ಟಿ, ಆಮೇಲೆ ಅದೂ ಸ್ವರದ ಜೊತೆ ಡಿಸ್ಟಾರ್ಷನ್ನಿನಲ್ಲಿ ಅರೆದುಹೋಗಿ ಚಟ್ನಿಯಾಗುತ್ತಿತ್ತು. ಹೊಸ ಆಂಪಿನ ಹಿಂದೆ ಎಫೆಕ್ಟ್ಸ್ ಲೂಪ್ ಎಂಬ ಎರಡು ತೂತುಗಳಿವೆ. ವಾಲ್ವಿನಿಂದ ಸ್ವರ ಬಿಚ್ಚಿಕೊಂಡು ಬಂದ ಮೇಲೆ ಹೊರಗೆ ತೆಗೆದು ಮತ್ತೆ ಒಳಗೆ ಕಳಿಸುವ ದಾರಿ. ಡಿಲೇಯನ್ನು ಅಲ್ಲಿ ಕೂರಿಸಿದ ಮೇಲೆ ಪ್ರತಿಧ್ವನಿ ಪ್ರತಿಧ್ವನಿಯಾಗಿಯೇ ಕೇಳಿಸಿತು. ಒಗ್ಗರಣೆಯನ್ನು ಬೇಳೆಯ ಜೊತೆ ಕುಕ್ಕರಿಗೆ ಹಾಕುತ್ತಿದ್ದೆ ಇಷ್ಟು ದಿನ.

ಕಾಕಾ ಈಗ ಸಂಜೆ ಕರೆಯದೆಯೇ ಬರುತ್ತಿದ್ದರು. ಒಂದು ದಿನ ಗೇನ್ ಏರಿಸಿ ಷಡ್ಜ ಪಂಚಮಗಳನ್ನು ಒಟ್ಟಿಗೆ ಬಾರಿಸಿದೆ, ಗಟ್ಟಿಯಾಗಿ ನಿಂತಿತು. ಷಡ್ಜದ ಜೊತೆ ಗಾಂಧಾರ ಬಾರಿಸಿದೆ, ಕೆಸರಾಯಿತು. ಎರಡು ಸ್ವರಗಳು ಒಟ್ಟಿಗೆ ಡಿಸ್ಟಾರ್ಷನ್ನಿಗೆ ಹೋದರೆ ಅವುಗಳ ಕೂಡಿಸಿದ, ಕಳೆದ ಕಂಪನಗಳೂ ಹುಟ್ಟುತ್ತವೆ. ಸ, ಪ ಇದ್ದರೆ ಅವೆಲ್ಲ ಷಡ್ಜದ ಬಳಗದಲ್ಲೇ ಬೀಳುತ್ತವೆ, ಗಾಂಧಾರ ಬಂದರೆ ಕಂಡಕಂಡಲ್ಲಿ ಬೀಳುತ್ತವೆ. ರಾಕ್ ಗಿಟಾರಿನವರು ಗಾಂಧಾರ ಬಿಟ್ಟು ಎರಡೇ ಸ್ವರ ಬಾರಿಸುವುದು ಇದಕ್ಕೇ ಎಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಂಬೂರಿಗೂ ನಾವು ಪ, ಸ ಅಷ್ಟೇ ಕಟ್ಟುತ್ತೇವಲ್ಲ” ಎಂದರು. ನಾನು ಇದನ್ನು ಎಲ್ಲೂ ಓದಿರಲಿಲ್ಲ.

ಎರಡನೆಯ ವಾರ ಹೊಸ ಕಾಯಿಲೆ. ಕೆಲವು ಸ್ವರಗಳ ಹಿಂದೆ ಗಾಜಿನ ಲೋಟಕ್ಕೆ ಚಮಚ ತಾಗಿದಂತೆ ಟಿಂಗ್. ಇನ್ನು ಕೆಲವಕ್ಕೆ ಗಡಗಡ. ಗಡಗಡ ಬೇಗ ಸಿಕ್ಕಿತು, ಅದು ಆಂಪಿನದ್ದೇ ಅಲ್ಲ. ಅಡುಗೆಮನೆಯ ಸ್ಟೀಲ್ ತಾಟುಗಳ ಸ್ಟ್ಯಾಂಡ್ ಐದನೆಯ ತಂತಿಯ ಬಿಡಿಸ್ವರಕ್ಕೆ ಕುಣಿಯುತ್ತಿತ್ತು. ಟಿಂಗ್ ಹಿಡಿಯಲು ನನ್ನ ವೃತ್ತಿಯೇ ನೆರವಾಯಿತು. ಕಾರ್ಖಾನೆಯಲ್ಲಿ ಎರಕದ ತುಂಡನ್ನು ಸುತ್ತಿಗೆಯಿಂದ ತಟ್ಟಿ ಕೇಳುತ್ತೇವೆ. ಗ್ರಾಫೈಟ್ ಉಂಡೆಯುಂಡೆಯಾಗಿ ಕೂತ ಡಕ್ಟೈಲ್ ಕಬ್ಬಿಣ ಗಂಟೆಯಂತೆ ಅನುರಣಿಸುತ್ತದೆ, ಚಕ್ಕೆಚಕ್ಕೆಯಾಗಿ ಕೂತ ಬೂದು ಎರಕ ಟಕ್ ಎಂದು ಸುಮ್ಮನಾಗುತ್ತದೆ. ಹಾಗೆಯೇ ಚಾಲೂ ಇದ್ದ ಆಂಪಿನ ಒಂದೊಂದು ವಾಲ್ವನ್ನೂ ಪೆನ್ಸಿಲಿನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟಿದೆ. ಮೊದಲನೆಯ 12ಎಎಕ್ಸ್7 ಸ್ಪೀಕರಿನಲ್ಲಿ ಗಂಟೆ ಹೊಡೆಯಿತು. ಎರಕದಲ್ಲಾದರೆ ಗಂಟೆ ಒಳ್ಳೆಯ ಲಕ್ಷಣ, ವಾಲ್ವಿನಲ್ಲಿ ರೋಗ.

ಶಹಾಪುರದಲ್ಲಿ ವಾಲ್ವ್ ರೇಡಿಯೊ ರಿಪೇರಿ ಮಾಡುತ್ತಿದ್ದ ಅಜ್ಜನೊಬ್ಬರು ಇದ್ದಾರೆ ಎಂದು ಕಾಕಾ ಕರೆದುಕೊಂಡು ಹೋದರು. ಆಂಪಿನ ಹಿಂಬದಿಗೆ ಕಣ್ಣು ಹಾಕಿದ ಕೂಡಲೇ ಅಜ್ಜ “ಇಎಲ್84!” ಎಂದು ಹಳೆಯ ನೆಂಟನನ್ನು ಕಂಡವರಂತೆ ಕುರ್ಚಿ ಎಳೆದು ಕೂತರು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅದನ್ನು ಕೇಳುತ್ತಿದ್ದ ಎಷ್ಟೋ ಮನೆಗಳ ರೇಡಿಯೊಗಳಲ್ಲಿ ಸ್ಪೀಕರನ್ನು ನಡೆಸುತ್ತಿದ್ದುದು ಇದೇ ವಾಲ್ವು, ಬೆಂಗಳೂರಿನ ಬಿಇಎಲ್ ಕೂಡ ಇದನ್ನು ತಯಾರಿಸುತ್ತಿತ್ತು ಎಂದರು. ಹೊಸ ವಾಲ್ವಿಗೆ ದುಡ್ಡು ಹಾಕುವ ಮೊದಲು ಒಂದನೆಯದನ್ನು ಮೂರನೆಯ ಜಾಗಕ್ಕೂ ಮೂರನೆಯದನ್ನು ಒಂದಕ್ಕೂ ಹಾಕಿ ನೋಡು ಎಂಬುದು ಅವರ ಸಲಹೆ. ಮೊದಲ ವಾಲ್ವಿನ ಸದ್ದನ್ನು ಹಿಂದಿನವೆಲ್ಲ ಬೆಳೆಸುತ್ತವೆ, ಕೊನೆಯದರ ಸದ್ದನ್ನು ಬೆಳೆಸುವವರು ಕಡಿಮೆ. ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ ಅಲ್ಲಾಡಿಸುತ್ತಾ ಮೇಲಕ್ಕೆ ಎಳೆದು ಅದಲುಬದಲು ಮಾಡಿದೆವು. ಚಾಸಿಯ ಒಳಗೆ ಕೈ ಹಾಕಬೇಡ ಎಂದು ಅಜ್ಜ ಎರಡು ಸಲ ಹೇಳಿದರು. ಪ್ಲಗ್ ಕಿತ್ತ ಮೇಲೂ ಅಲ್ಲಿನ ಕೆಪಾಸಿಟರುಗಳಲ್ಲಿ ಮುನ್ನೂರು ವೋಲ್ಟ್ ಕೂತಿರಬಹುದು. ಟಿಂಗ್ ಹೋಯಿತು. ಹಣ ತೆಗೆದುಕೊಳ್ಳಲಿಲ್ಲ, ಒಂದು ತುಣುಕು ಬಾರಿಸು ಎಂದರು.

ಆಗಸ್ಟ್ ಮೊದಲ ಭಾನುವಾರ ಆಂಪನ್ನು ಉದ್ಯಮಬಾಗದ ಶೆಡ್ಡಿಗೆ ಒಯ್ದೆ. ನಾವು ನಾಲ್ವರು ಅಲ್ಲಿ ಗಣೇಶೋತ್ಸವದ ಕಾರ್ಯಕ್ರಮಕ್ಕೆ ತಾಲೀಮು ಮಾಡುತ್ತೇವೆ. ತಗಡಿನ ಛಾವಣಿ, ಮೇಲೆ ಮಳೆ, ಎದುರಿಗೆ ಡ್ರಮ್ಮು. ಮನೆಯಲ್ಲಿ ಮೂರು ವಾರ ಕೂತು ಕೂದಲೆಳೆಯಷ್ಟು ತಿದ್ದಿದ ಸದ್ದನ್ನು ವಾಲ್ಯೂಮ್ ಆರಕ್ಕೆ ಏರಿಸಿ ಬಾರಿಸಿದೆ. ಎಲ್ಲಿಯೂ ಇಲ್ಲ. ನಾನು ಬಾರಿಸುತ್ತಿರುವುದು ನನಗೇ ಕೇಳಿಸುತ್ತಿಲ್ಲ. ಬರೀ ಒಂದು ಮಬ್ಬು ಗುಡುಗು, ಬೇಸ್ ಗಿಟಾರಿನ ಜೊತೆ ಜಗಳವಾಡುತ್ತಿರುವುದು. ಸಣ್ಣ ಸದ್ದಿನಲ್ಲಿ ಕಿವಿಗೆ ಮಂದ್ರ ಕಡಿಮೆ ಕೇಳಿಸುತ್ತದೆ, ಹಾಗಾಗಿ ಮನೆಯಲ್ಲಿ ನಮಗೆ ಅರಿಯದೆ ಬೇಸ್ ಏರಿಸಿರುತ್ತೇವೆ. ಜೋರು ಮಾಡಿದಾಗ ಅದೆಲ್ಲ ಒಟ್ಟಿಗೆ ಎದ್ದು ಬರುತ್ತದೆ. ಬೇಸ್ ಆರರಿಂದ ಮೂರಕ್ಕೆ ಇಳಿಸಿದೆ. ಗೇನ್ ಇನ್ನೂ ತುಸು ಕಡಿಮೆ ಮಾಡಿದೆ. ಈಗ ದೊಡ್ಡ ವಾಲ್ವುಗಳೂ ಬಿಸಿಯೇರಿ ತಮ್ಮ ಪಾಲನ್ನು ಸೇರಿಸುತ್ತಿದ್ದವು. ಕೇಳಿಸಿತು, ಆದರೂ ಹಿಂದೆಯೇ.

ಸಿಟ್ಟಿನಲ್ಲಿ ಹಸಿರು ಪೆಡಲನ್ನು ಕಾಲಿನಿಂದ ಒತ್ತಿದೆ.

ಡ್ರಮ್ಮಿನವನು ತಲೆ ಎತ್ತಿ ನೋಡಿದ. ಮನೆಯಲ್ಲಿ ನೆಗಡಿಯಂತೆ ಕಂಡ ಆ ಮೂಗಿನ ಸ್ವರ ಡ್ರಮ್ಮಿಗೂ ಬೇಸ್ ಗಿಟಾರಿಗೂ ಮಳೆಗೂ ನಡುವೆ ಖಾಲಿ ಇದ್ದ ಕಿಂಡಿಯಿಂದ ಸೀದಾ ಹೊರಬಂದಿತ್ತು. ಮಂದ್ರವನ್ನು ಅದು ಕತ್ತರಿಸಿದ್ದು ಬೇಸ್ ಗಿಟಾರಿಗೆ ಜಾಗ ಬಿಡಲು, ಉಬ್ಬು ಹಾಕಿದ್ದು ನನ್ನ ಜಾಗ ಹಿಡಿಯಲು. ಆ ಪೆಡಲನ್ನೂ ಡಬ್ಬಿಗೆ ಹಾಕಿಬಿಡಬೇಕೆಂದು ಹಿಂದಿನ ರಾತ್ರಿ ತೀರ್ಮಾನಿಸಿದ್ದೆ. “ಹದಿನೈದು ವ್ಯಾಟ್ ಸ್ವಲ್ಪ ಕಡಿಮೆ ಮಾಡು” ಎಂದು ಡ್ರಮ್ಮಿನವನು ಎರಡನೆಯ ಹಾಡಿನ ನಂತರ ಕೂಗಿದ. ಅವನಿಂದ ಅದನ್ನು ಮೂರು ಸಲ ಹೇಳಿಸಿದೆ.

ಮನೆಯಲ್ಲಿ ಆ ಗುಂಯ್ ಇನ್ನೂ ಎಳ್ಳಿನಷ್ಟು ಉಳಿದಿದೆ. ಗಿಟಾರ್ ಹಿಡಿದು ನಿಧಾನವಾಗಿ ಸುತ್ತು ತಿರುಗಿದರೆ ಒಂದು ದಿಕ್ಕಿನಲ್ಲಿ ಅದು ಪೂರ್ತಿ ಅಡಗುತ್ತದೆ. ಪಿಕಪ್ಪಿನ ಸುರುಳಿ ಮತ್ತು ಗೋಡೆಯೊಳಗಿನ ವೈರು ಒಂದನ್ನೊಂದು ನೋಡದಂತಾಗುವ ಕೋನ ಅದು. ಆ ಜಾಗದಲ್ಲಿ ಎರಡು ಪಾದಗಳಿಗೆ ಎರಡು ಬಿಳಿ ಟೇಪು ಅಂಟಿಸಿದ್ದೇನೆ, ಮುಖ ರೈಲ್ವೆ ಗೇಟಿನ ಕಡೆಗೆ. ಅವ್ವ ನೆಲ ಒರೆಸುವಾಗ ಅವನ್ನು ಕಿತ್ತುಹಾಕುತ್ತಾಳೆ. ನಾನು ಸಂಜೆ ಮತ್ತೆ ಅಂಟಿಸುತ್ತೇನೆ. ಟೇಪು ತುಸು ಆಚೀಚೆಯಾದ ದಿನ ಕೆಳಗಿನಿಂದ ಕಾಕಾ ಕೂಗಿ ಹೇಳುತ್ತಾರೆ: “ತಮ್ಮಾ, ಬಿಳಿ ಐದು ಬಂತು ನೋಡು!”